ನಾಲ್ಕಾಣೆಯ ಎರಡನೆಯ ನೌಕರಿ

ಚೀಲ ಹರಿದು ಅರವತ್ತು ನಾಣ್ಯಗಳು ಬಸ್ಸಿನ ಉದ್ದಕ್ಕೂ ಉರುಳಬಹುದಿತ್ತು. ಅವನ್ನು ಹೆಕ್ಕಲು ಬಗ್ಗಿದಾಗ ಸೊಂಟ ಹಿಡಿದುಕೊಂಡು, ನಾನು ಬಗ್ಗಿದ ಭಂಗಿಯಲ್ಲೇ ಇಳಕಲ್ಲಿನವರೆಗೆ ಪ್ರಯಾಣ ಮಾಡಬೇಕಾಗಬಹುದಿತ್ತು. ಝಣಝಣ ಸದ್ದು ಕೇಳಿದ ಕಂಡಕ್ಟರು ನಾನು ಯಾವುದೋ ಗುಡಿಯ ಹುಂಡಿ ಒಡೆದು ಬಂದವನೆಂದು ತಿಳಿದು ಹುನಗುಂದದಲ್ಲಿ ಇಳಿಸಿ ಪೊಲೀಸರ ಕೈಗೆ ಕೊಡಬಹುದಿತ್ತು. ಕೊಟ್ಟಿದ್ದರೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಇತಿಹಾಸ ಶಿಕ್ಷಕನ ಬಳಿ ನಾಣ್ಯರಾಶಿ’ ಎಂಬ ಸುದ್ದಿ ಬಂದು, ನನ್ನ ವಿದ್ಯಾರ್ಥಿಗಳು ಅದನ್ನು ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಬಹುದಿತ್ತು. ಅಮೀನಗಡದಲ್ಲಿ ನಾನು ಕೆಳಗಿಳಿದ ಐದು ನಿಮಿಷದಲ್ಲಿ ಬಸ್ಸು ನನ್ನನ್ನು ಬಿಟ್ಟು ಚೀಲವನ್ನಷ್ಟೇ ಒಯ್ಯಬಹುದಿತ್ತು. ಇಳಕಲ್ಲಿನಲ್ಲಿ ನನ್ನ ಸೋದರತ್ತೆ ನೀಲವ್ವನ ಮನೆಗೆ, ನೇಯಲು ನೂಲು ಕೊಡುವ ಸಾವಕಾರರು ನನಗಿಂತ ಮೊದಲೇ ಬಂದು, ಮಗ್ಗಕ್ಕೆ ಕಟ್ಟಿದ ನೂಲನ್ನೆಲ್ಲ ಬಿಚ್ಚಿಸಿಕೊಂಡು ಹೋಗಿರಬಹುದಿತ್ತು. ಅಥವಾ ಇದಾವುದೂ ಆಗದೆ, ಎಲ್ಲ ಸರಿಯಾಗಿ ತಲುಪಿ, ಚೀಲ ಕಟ್ಟಬೇಕಾದ ಹೊತ್ತಿನಲ್ಲಿ ಮಗ್ಗವೇ ಮುರಿದು ಬೀಳಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಇಷ್ಟು ಶ್ರಮಪಟ್ಟು ಮಾಡಿದ ಚಿಂತೆ ವ್ಯರ್ಥವಾದಾಗ ನನಗೆ ಸಂತೋಷದ ಜೊತೆಗೆ ಕೊಂಚ ನಷ್ಟದ ಭಾವನೆಯೂ ಬರುತ್ತದೆ. ಐವತ್ತು ದಾಟಿದ ಮೇಲೆ ನನ್ನ ಕಣ್ಣು, ಮೊಣಕಾಲು, ನೆನಪು ಎಲ್ಲವೂ ಸವೆದಿವೆ. ಚಿಂತೆ ಮಾಡುವ ಶಕ್ತಿ ಮಾತ್ರ ಹೊಸದರಂತಿದೆ. ಆದರೆ ಈ ಸಲದ ಚಿಂತೆಗೆ ಕಾರಣವಿತ್ತು. ತಪ್ಪು ನನ್ನದೇ ಆಗಿತ್ತು.

ಚಲಾವಣೆಯಿಂದ ಹೋದ ನಾಣ್ಯಗಳು ಎಲ್ಲಿಗೆ ಹೋಗುತ್ತವೆ? ಈ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ. ಇತಿಹಾಸ ಕಲಿಸುವವನಾದ್ದರಿಂದ ಸಾವಿರ ವರ್ಷ ಹಳೆಯದಾಗದ ಹೊರತು ಯಾವ ನಾಣ್ಯವೂ ನನಗೆ ಕಾಣುವುದಿಲ್ಲ. ಒಂದೂವರೆ ದಶಕದ ಹಿಂದೆ ಸರ್ಕಾರ ನಾಲ್ಕಾಣೆಯನ್ನೂ ಅದಕ್ಕಿಂತ ಚಿಕ್ಕವನ್ನೂ ನಿಲ್ಲಿಸಿದಾಗ ನಾನು ಕೊನೆಯ ದಿನಾಂಕ ತಪ್ಪಿಹೋದೀತೆಂಬ ಭಯದಲ್ಲಿ, ಮನೆಯಲ್ಲಿ ಕೈಗೆ ಸಿಕ್ಕ ಏಳು ಬಿಲ್ಲೆಗಳನ್ನು ಬದಲಾಯಿಸಿಕೊಳ್ಳಲು ಅರ್ಧ ದಿನ ರಜೆ ಹಾಕಿ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಒಳಗಿದ್ದವರು ನನ್ನ ಮುಖ ನೋಡಿ, ಬಿಲ್ಲೆ ನೋಡಿ, ಮತ್ತೆ ಮುಖ ನೋಡಿದ್ದರು. ಅಷ್ಟೇ. ಆಮೇಲೆ ಮರೆತೆ.

ಈ ದೀಪಾವಳಿಗೆ ಇಳಕಲ್ಲಿಗೆ ಹೋದಾಗ ಮತ್ತೆ ನೆನಪಾಯಿತು. ನೀಲತ್ತೆಗೆ ಈಗ ಎಪ್ಪತ್ತರ ಹತ್ತಿರ. ನೆಲದ ಕುಣಿಯಲ್ಲಿ ಹೂಡಿದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತಳೆಂದರೆ ಇಪ್ಪತ್ತರ ಹುಡುಗಿಯ ಬೆನ್ನು. ಇಳಕಲ್ ಸೀರೆಯ ಮೈ ಹತ್ತಿಯದು, ಎರಡೂ ಬದಿಯ ದಡಿ ರೇಷ್ಮೆಯದು. ಹತ್ತಿಯ ಬಿಗಿ ಬೇರೆ, ರೇಷ್ಮೆಯ ಬಿಗಿ ಬೇರೆ. ಹಾಗಾಗಿ ದಡಿಯ ಎಳೆಗಳನ್ನು ಬೇರೆಯೇ ಮಾಡಿ, ಮಗ್ಗದ ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಚೀಲ ತೂಗುಬಿಟ್ಟು ಭಾರ ಕೊಡುತ್ತಾಳೆ. ಕೆಲವರು ಮರಳು ತುಂಬುತ್ತಾರೆ, ಕೆಲವರು ಕಲ್ಲು ಕಟ್ಟುತ್ತಾರೆ. ನೀಲತ್ತೆಯ ಚೀಲಗಳಲ್ಲಿ ನಾಲ್ಕಾಣೆ ಬಿಲ್ಲೆಗಳಿದ್ದವು. ಒಂದೊಂದರಲ್ಲಿ ಮೂವತ್ತು. ಎಲ್ಲವೂ ಖಡ್ಗಮೃಗದ ಚಿತ್ರವಿದ್ದ ಉಕ್ಕಿನ ಬಿಲ್ಲೆಗಳು, ಒಂದೇ ತೂಕ, ಒಂದೇ ಗಾತ್ರ. ಬೆಳಗಿನ ತೇವಕ್ಕೆ ಎರಡೆರಡು ತೆಗೆಯುತ್ತಾಳೆ, ಬಿಸಿಲೇರಿದ ಮೇಲೆ ಎರಡೆರಡು ಹಾಕುತ್ತಾಳೆ. ಕಲ್ಲಿನಿಂದ ಅಷ್ಟು ಚೂರು ಮುರಿದು ತೆಗೆಯಲಾಗುವುದಿಲ್ಲವಲ್ಲ.

ಇದನ್ನು ನೋಡಿ ಒಬ್ಬ ಇತಿಹಾಸದ ಮಾಸ್ತರ ಏನು ಮಾಡಬೇಕಿತ್ತು? ಕೈ ಕಟ್ಟಿ ನೋಡಿ, ಹೋಳಿಗೆ ತಿಂದು, ಬಾಗಲಕೋಟೆಗೆ ವಾಪಸ್ಸಾಗಬೇಕಿತ್ತು. ಆದರೆ ಅದಕ್ಕೆ ಎರಡು ದಿನ ಮೊದಲು ನನ್ನ ಮೊಬೈಲಿಗೆ ಒಂದು ವಿಡಿಯೋ ಬಂದಿತ್ತು. ಅದರಲ್ಲಿ ಒಬ್ಬಾತ, ನಿಮ್ಮ ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಿದೆ ಎಂದು, ಆ ಲಕ್ಷಗಳು ತನ್ನ ಜೇಬಿನಲ್ಲೇ ಇದ್ದ ಹಾಗೆ ಹೇಳುತ್ತಿದ್ದ. ಅವನ ಕೈಯಲ್ಲಿ ಖಡ್ಗಮೃಗವಿತ್ತು. ‘ಮೂಲಗಳನ್ನು ಪರಿಶೀಲಿಸದೆ ಏನನ್ನೂ ನಂಬಬಾರದು’ ಎಂದು ವರ್ಷಕ್ಕೆ ನೂರು ಸಲ ಹೇಳುವ ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಅತ್ತೆಗೆ ಗೊತ್ತಾಗದಂತೆ ಅವಳನ್ನು ಲಕ್ಷಾಧಿಪತಿ ಮಾಡಿ ಒಂದು ದಿನ ದುಡ್ಡನ್ನು ದಿಢೀರನೆ ತಂದು ಎದುರಿಗೆ ಇಡುವುದೆಂದು ನಿರ್ಧರಿಸಿದೆ.

ಇವು ಈಗ ನಡೆಯುವುದಿಲ್ಲ, ನನಗೆ ಕೊಟ್ಟುಬಿಡು, ಬದಲಿಗೆ ಹೊಸ ಒಂದು ರೂಪಾಯಿಯ ಬಿಲ್ಲೆಗಳನ್ನು ಹಾಕಿಕೊಡುತ್ತೇನೆ ಎಂದೆ. ಒಂದಕ್ಕೆ ಒಂದು. ನಾಲ್ಕಾಣೆಗೆ ಒಂದು ರೂಪಾಯಿ. ನಾಲ್ಕು ಪಟ್ಟು. ನನ್ನ ಔದಾರ್ಯಕ್ಕೆ ನನ್ನ ಕಣ್ಣೇ ತೇವವಾಯಿತು. ಅತ್ತೆ ಒಂದೇ ಮಾತು ಕೇಳಿದಳು. ‘ತೂಕ ಒಂದ ಇರತಾವೇನೋ ಬಸಣ್ಣ?’

‘ಸರ್ಕಾರ ಅಳದು ತೂಗಿ ಮಾಡಿರತದ ಅತ್ತಿ,’ ಎಂದೆ ನಾನು.

ಓದಿದವನ ಮಾತಿಗೆ ನಮ್ಮ ಮನೆಗಳಲ್ಲಿ ಇರುವ ಮರ್ಯಾದೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನ್ನ ಬಳಿ ಇಲ್ಲ. ಅವಳು ಕೊಟ್ಟಳು.

ಬಾಗಲಕೋಟೆಗೆ ಬಂದು, ಹಳೆಯ ನಾಣ್ಯ ಬಲ್ಲವರೆಂದು ಹೆಸರಾದ ಒಬ್ಬರಿಗೆ ತೋರಿಸಿದೆ. ಅವರು ಬಿಲ್ಲೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. ದೂರದಿಂದಲೇ, ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿ ಎಂದರು. ನಾಚಿಕೆಯಿಂದ ಅಲ್ಲೇ ಪಕ್ಕದ ಗುಜರಿ ಅಂಗಡಿಯಲ್ಲಿ ಹಾಕಿಬಿಟ್ಟೆ. ಕೈಯಲ್ಲಿ ಹಿಡಿದು ಮನೆಗೆ ಹೋದರೆ ಹೆಂಡತಿ ಸುವರ್ಣಾ ಕೇಳುತ್ತಾಳೆ, ಕೇಳಿದರೆ ವಿಡಿಯೋದ ವಿಷಯ ಬರುತ್ತದೆ, ಅದು ಬಂದರೆ ಮುಂದಿನ ಹತ್ತು ವರ್ಷ ಅದೇ ವಿಷಯ. ಗುಜರಿಯವ ಕೊಟ್ಟದ್ದರಲ್ಲಿ ಅರ್ಧ ಕಪ್ ಚಹಾ ಬಂತು. ಅತ್ತೆಯ ಮಗ್ಗದ ಸಮತೋಲವನ್ನು ನಾನು ನಿಂತಲ್ಲೇ ಕುಡಿದು ಮುಗಿಸಿದೆ. ಸಕ್ಕರೆ ಸ್ವಲ್ಪ ಕಡಿಮೆಯಾಗಿತ್ತು.

ಒಂದು ತಿಂಗಳಿಗೆ, ಶುಕ್ರವಾರ ಬೆಳಿಗ್ಗೆ, ಅತ್ತೆಯ ಫೋನು ಬಂತು. ದೂರುವ ಸ್ವರವೇ ಅಲ್ಲ. ದೀಪಾವಳಿಯ ನಂತರ ನೇಯ್ದ ಸೀರೆಯ ದಡಿ ಒಂದು ಕಡೆ ಸುಕ್ಕುಗಟ್ಟಿ ಇನ್ನೊಂದು ಕಡೆ ಸಡಿಲಾಯಿತು, ಸಾವಕಾರರು ವಾಪಸ್ಸು ಮಾಡಿದರು, ಕೂಲಿ ಹಿಡಿದರು. ಇಳಕಲ್ಲಿನಲ್ಲಿ ನೂಲು ಸಾವಕಾರರದು, ಕೈ ನೇಕಾರರದು. ಕೈ ಸರಿ ಇಲ್ಲವೆನಿಸಿದರೆ ನೂಲು ಬೇರೆ ಮನೆಗೆ ಹೋಗುತ್ತದೆ. ಸೋಮವಾರ ಸಂಜೆ ಬರುತ್ತೇನೆ, ಹೊಸ ನೂಲಿನ ಮೇಲೆ ಒಂದು ಗೇಣು ನೇಯ್ದು ತೋರಿಸು, ಸರಿ ಬರದಿದ್ದರೆ ಬಿಚ್ಚಿ ಒಯ್ಯುತ್ತೇನೆ ಎಂದಿದ್ದಾರಂತೆ. ಎಷ್ಟು ತಿದ್ದಿದರೂ ದಡಿ ಕೂಡುತ್ತಿಲ್ಲವಂತೆ. ಒಂದು ರೂಪಾಯಿ ತೆಗೆದರೆ ಸಡಿಲು, ಹಾಕಿದರೆ ಬಿಗಿ.

ಆಗ ನಾನು ಜೇಬಿನಿಂದ ಚಿಲ್ಲರೆ ತೆಗೆದು ಮೇಜಿನ ಮೇಲೆ ಹರಡಿದೆ. ನೀವೂ ಒಮ್ಮೆ ಹರಡಿ ನೋಡಿ. ಒಂದು ರೂಪಾಯಿ ಎಂಬುದು ಒಂದು ನಾಣ್ಯವಲ್ಲ, ಒಂದು ಕುಟುಂಬ. ದೊಡ್ಡದು, ನಡುವಿನದು, ಚಿಕ್ಕದು. ಬೇರೆ ಬೇರೆ ತೂಕ. ಅಂಗಡಿಯಲ್ಲಿ ಎಲ್ಲವೂ ಸಮ. ಮಗ್ಗಕ್ಕೆ ಮಾತ್ರ ಈ ಸಮಾನತೆ ಒಪ್ಪುವುದಿಲ್ಲ.

ಅತ್ತೆ ಕೊನೆಗೆ ಕೇಳಿದಳು. ‘ಆ ನನ್ನ ನಾಲ್ಕಾಣೆ ಇನ್ನೂ ಅದಾವೇನೋ, ಏನರೆ ಮಾಡಿದೇನು? ನನಗ ಕೈನ ಹೋತೇನೋ ಅನಸಾಕತ್ತೈತಿ.’

‘ಅದಾವ ಅತ್ತಿ. ಜೋಪಾನ ಇಟ್ಟೇನಿ. ಸೋಮವಾರ ನಾನ ತರ್ತೇನಿ.’

ಈ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಫೋನಿಟ್ಟ ಮೇಲೆ ನಾನೇ ಕಪಾಟು ತೆರೆದು ಹುಡುಕಿದೆ. ನಂತರ ಗುಜರಿಗೆ ಓಡಿದೆ. ಗಾಡಿ ಹದಿನೈದು ದಿನದ ಹಿಂದೆಯೇ ತುಂಬಿ ಹೋಗಿತ್ತು. ನಾಣ್ಯಗಳಿಗೆ ಸಹಜ ಮರಣವೆಂದರೆ ಬ್ಯಾಂಕಿಗೆ ಮರಳುವುದು, ಅಲ್ಲಿಂದ ಟಂಕಸಾಲೆಗೆ, ಅಲ್ಲಿಂದ ಕುಲುಮೆಗೆ, ಕುಲುಮೆಯಿಂದ ಮತ್ತಾವುದೋ ಜನ್ಮಕ್ಕೆ. ನನ್ನ ಅತ್ತೆಯ ಅರವತ್ತು ಖಡ್ಗಮೃಗಗಳನ್ನು ನಾನು ಅಡ್ಡದಾರಿಯಲ್ಲಿ ಅದೇ ಕುಲುಮೆಗೆ ಕಳಿಸಿದ್ದೆ. ಈಗ ಅವು ಎಲ್ಲೋ ಸೌಟಾಗಿರಬಹುದು, ಮೊಳೆಯಾಗಿರಬಹುದು.

ನನ್ನ ಕೈಯಲ್ಲಿ ಮೂರು ದಿನವಿತ್ತು. ಭಯವೂ ಉತ್ಸಾಹವೂ ಒಂದೇ ನರದಲ್ಲಿ ಹರಿಯುತ್ತವೆ ಎಂಬುದು ಅಂದು ಗೊತ್ತಾಯಿತು.

ಮನೆಯಲ್ಲಿಯೇ ಶುರುಮಾಡಿದೆ. ಸುವರ್ಣಾಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಹತ್ತು ವರ್ಷದ ಶಿಕ್ಷೆ ಅಂದಿನಿಂದ ಜಾರಿಯಲ್ಲಿದೆ. ಲಕ್ಷ್ಮಿಯ ಕಲಶದ ಕೆಳಗೆ ಹನ್ನೊಂದು ನಾಲ್ಕಾಣೆಗಳಿದ್ದವು. ಮುಟ್ಟಲು ಬಿಡಲಿಲ್ಲ. ‘ಅವು ದೇವರ ಸೇವಾದಾಗ ಅದಾವ. ನೀವು ಫ್ರಿಜ್ಜಿನ ಕಾಲಾಗ ನೋಡ್ರಿ,’ ಎಂದಳು. ನೋಡಿದೆ. ನವನಗರದ ನಮ್ಮ ಮನೆಯ ನೆಲ ತುಸು ಓರೆ. ಫ್ರಿಜ್ಜಿನ ನಾಲ್ಕು ಕಾಲುಗಳ ಕೆಳಗೆ ಮೂರು, ಎರಡು, ನಾಲ್ಕು, ಮೂರರಂತೆ ಹನ್ನೆರಡು ಖಡ್ಗಮೃಗಗಳು ವರ್ಷಗಟ್ಟಲೆ ಹೊರೆ ಹೊತ್ತು ನಿಂತಿದ್ದವು. ಅವನ್ನು ತೆಗೆದು ರಟ್ಟಿನ ಚೂರು ಕೊಟ್ಟೆ. ಅಂದಿನಿಂದ ನಮ್ಮ ಫ್ರಿಜ್ಜು ಸದ್ದು ಮಾಡುತ್ತ ನಿಧಾನವಾಗಿ ಅಡುಗೆಮನೆಯ ಬಾಗಿಲ ಕಡೆಗೆ ಸರಿಯುತ್ತಿದೆ.

ಇನ್ನೂ ಒಂದು ಡಬ್ಬಿ ಇತ್ತು ಮನೆಯಲ್ಲಿ, ಅಪ್ಪನದು. ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮೊದಲು ಮನೆ ಬಿಚ್ಚಿದಾಗ ಹೊಸ್ತಿಲ ಕೆಳಗೆ ಸಿಕ್ಕ ಐದು ನಾಣ್ಯಗಳು ಅದರಲ್ಲಿವೆ. ಒಂದಕ್ಕೆ ನಡುವೆ ತೂತಿದೆ. ಅಜ್ಜ ಮನೆ ಕಟ್ಟುವಾಗ ಇಟ್ಟವು. ಅವು ಚಲಾವಣೆಯಿಂದ ಹೋಗಿ ಎಷ್ಟೋ ಕಾಲದ ನಂತರ ಮನೆಯೂ ಹೋಯಿತು, ಓಣಿಯೂ ಹೋಯಿತು, ಊರೇ ಚಲಾವಣೆಯಿಂದ ಹೋಯಿತು. ಆದರೂ ಅಪ್ಪ ನವನಗರದಿಂದ, ಮುಳುಗದೆ ಉಳಿದ ಹಳೆಯ ಪೇಟೆಗೆ ಹೊರಟರೆ ‘ಊರಾಗ ಹೋಗಿ ಬರ್ತೇನಿ’ ಎಂದೇ ಹೇಳುತ್ತಿದ್ದರು. ಆ ಡಬ್ಬಿಯನ್ನು ಮುಚ್ಚಿಟ್ಟೆ. ಅವು ಮಗ್ಗಕ್ಕೆ ಬರುವ ತೂಕದವಲ್ಲ.

ಶನಿವಾರ ಮಧ್ಯಾಹ್ನ ಬಾದಾಮಿಗೆ ಹೋದೆ. ಅಲ್ಲಿ ನನ್ನ ಬಾಲ್ಯದ ಗೆಳೆಯ ಮೆಹಬೂಬ ಪಡದೆ ಹೊಲಿಯುವ ಟೇಲರು. ಅವನ ನೆನಪಾಗಲು ಕಾರಣ, ಹಿಂದೊಮ್ಮೆ ಅವನು ಪಡದೆಯ ಕೆಳಅಂಚಿನೊಳಗೆ ಏನನ್ನೋ ಸೇರಿಸಿ ಹೊಲಿಯುತ್ತಿದ್ದುದನ್ನು ನೋಡಿದ್ದೆ. ಕೇಳಿದಾಗ ನಾಲ್ಕಾಣೆ ಎಂದಿದ್ದ. ಮೂಲೆಗೊಂದು ಬಿಲ್ಲೆ ಇಟ್ಟರೆ ಪಡದೆ ನೆಟ್ಟಗೆ ಬೀಳುತ್ತದೆ, ಗಾಳಿಗೆ ಹಾರುವುದಿಲ್ಲ. ಗುಹೆ ನೋಡಲು ದೂರದೂರದಿಂದ ಬಂದು ವಸತಿಗೃಹದಲ್ಲಿ ಮಲಗುವ ಜನರಿಗೆ ತಮ್ಮ ಕಿಟಕಿಯ ಮಾನ ಕಾಯುತ್ತಿರುವುದು ನಾಲ್ಕಾಣೆ ಎಂಬುದು ಗೊತ್ತಿರಲಿಕ್ಕಿಲ್ಲ.

ಬಾದಾಮಿಯಲ್ಲಿ ಇಳಿದ ಮೇಲೆ ಮಾಸ್ತರಿಕೆ ತಡೆಯುವುದು ಕಷ್ಟ. ಚಾಲುಕ್ಯರ ಲಾಂಛನ ವರಾಹ. ಚಿನ್ನದ ನಾಣ್ಯಕ್ಕೆ ವರಾಹ ಎಂಬ ಹೆಸರು ಬಂದದ್ದು ಆ ಹಂದಿಯಿಂದ. ಅಂದು ಹಂದಿ, ನಮ್ಮ ಕಾಲಕ್ಕೆ ಖಡ್ಗಮೃಗ. ರಾಜ್ಯವಾಳುವವರು ದುಡ್ಡಿನ ಮೇಲೆ ದಪ್ಪ ಚರ್ಮದ ಪ್ರಾಣಿಗಳನ್ನೇ ಕೂರಿಸುತ್ತಾರೆ. ಕೈಯಿಂದ ಕೈಗೆ ಹೋಗಿ ಎಲ್ಲರಿಂದಲೂ ಬೈಸಿಕೊಳ್ಳಬೇಕಾದ ಕೆಲಸವಲ್ಲವೇ. ಇನ್ನು ಹೆಸರುಗಳ ಕಥೆಯಂತೂ ಇನ್ನೂ ಚೆಂದ. ಹಣ ಎಂಬುದು ಒಂದು ನಾಣ್ಯದ ಹೆಸರಾಗಿತ್ತು, ಹೊನ್ನು ಒಂದು ನಾಣ್ಯ, ಕಾಸು ಒಂದು, ದುಡ್ಡು ಇನ್ನೊಂದು. ಆ ನಾಣ್ಯಗಳೆಲ್ಲ ತೀರಿಕೊಂಡವು, ಹೆಸರುಗಳು ಮಾತ್ರ ನಮ್ಮ ಬಾಯಲ್ಲಿ ಬಾಡಿಗೆ ಕೊಡದೆ ಉಳಿದುಕೊಂಡಿವೆ. ಆಣೆ ಹೋಗಿ ಅಜ್ಜಂದಿರ ಕಾಲವಾಯಿತು. ಪೈಸೆ ಬಂದ ಮೇಲೂ ಇಪ್ಪತ್ತೈದನ್ನು ನಾಲ್ಕಾಣೆ ಎಂದೆವು. ಇಂದಿಗೂ ಒಂದು ಮಾತು ಪೂರ್ತಿ ನಿಜವೆನ್ನಲು ಹದಿನಾರಾಣೆ ಖರೆ ಎನ್ನುತ್ತೇವೆ. ನಿಜವನ್ನು ಹೊಸ ಪೈಸೆಗೆ ಬದಲಾಯಿಸಿಕೊಡುವ ಬ್ಯಾಂಕು ಇನ್ನೂ ತೆರೆದಿಲ್ಲ.

ಮೆಹಬೂಬ ನನ್ನ ಕಥೆ ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿದ. ‘ಲೇ ಬಸ್ಯಾ, ಹುಡುಗರಿಗೆ ಸಾಲಿ ಕಲಸ್ತಿ ನೀ. ವಿಡಿಯೋ ನೋಡಿ ಅತ್ತಿ ಮಗ್ಗ ಮಾರಿ ಚಾ ಕುಡದೆಲ್ಲಲೇ.’

ಅರ್ಧ ಕಪ್ ಎಂದು ತಿದ್ದಿದೆ.

ಅವನು ಡಬ್ಬಿ ತೆಗೆದ. ಆದರೆ ಕೊಡಲು ಮನಸ್ಸಿಲ್ಲ. ಮುಂದಿನ ವಾರಕ್ಕೆ ಪಡದೆಯ ಕೆಲಸವಿತ್ತು. ಸೀಸದ ಗುಂಡು ತರಬೇಕೆಂದರೆ ದುಡ್ಡು. ಚಲಾವಣೆಯಲ್ಲಿದ್ದಾಗ ನಾಲ್ಕಾಣೆಯನ್ನು ಚಿಲ್ಲರೆ ಇಲ್ಲವೆಂದು ಗಿರಾಕಿಗೇ ಬಿಟ್ಟುಬಿಡುತ್ತಿದ್ದ ಮನುಷ್ಯ ಈಗ ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದ. ಕೊನೆಗೆ ಇಪ್ಪತ್ತೈದು ಕೊಟ್ಟ. ಬದಲಿಗೆ ನಾನು ಅವನ ಅಂಗಡಿಯಲ್ಲಿ ಹೊಸ ಪಡದೆ ಹೊಲಿಯಲು ಹಾಕಬೇಕಾಯಿತು. ನಮ್ಮ ಮನೆಯ ಕಿಟಕಿಗಳಿಗೆ ಪಡದೆಗಳಿವೆ. ಈಗ ಎರಡೆರಡು ಇವೆ.

ಹೊರಡುವಾಗ ಅವನೇ ಹೇಳಿದ: ಗುಡೂರಿನ ಹಾಲಪ್ಪ ಎಂಬ ಕುರಿಗಾರ ತನ್ನ ಬಳಿ ಅಂಗಿ ಹೊಲಿಸುತ್ತಾನೆ, ಅವನ ಸೊಂಟದಲ್ಲಿ ಸದಾ ಇಂಥ ಬಿಲ್ಲೆಗಳ ಚೀಲವಿರುತ್ತದೆ.

ಭಾನುವಾರ ಗುಡೂರಿಗೆ ಹೋದೆ. ಹಾಲಪ್ಪ ಊರ ಹೊರಗೆ ಹಟ್ಟಿಯ ಬಾಗಿಲಲ್ಲಿ ಕುಳಿತಿದ್ದ. ಸೊಂಟದಲ್ಲಿ ಒಂದಲ್ಲ, ಎರಡು ಚೀಲ. ಸಂಜೆ ಕುರಿಗಳು ಒಂದೊಂದಾಗಿ ಒಳಗೆ ಬರುವಾಗ ಒಂದು ಚೀಲದಿಂದ ಇನ್ನೊಂದಕ್ಕೆ ಒಂದೊಂದು ನಾಲ್ಕಾಣೆ ಹಾಕುತ್ತಾನಂತೆ. ಮೊದಲ ಬಿಲ್ಲೆ ಬೀರಪ್ಪ ದೇವರದು, ಅದಕ್ಕೆ ಕುರಿ ಇಲ್ಲ. ಆಮೇಲೆ ಕುರಿಗೊಂದು. ಕೊನೆಗೆ ಮೊದಲ ಚೀಲದಲ್ಲಿ ಬಿಲ್ಲೆ ಉಳಿದರೆ ಅಡವಿಯಲ್ಲಿ ಕುರಿ ಉಳಿದಿದೆ ಎಂದರ್ಥ. ಮಗ ಮೊಬೈಲಿನಲ್ಲಿ ಎಣಿಸುತ್ತಾನೆ, ನನಗೆ ಕೈಗೆ ಹತ್ತಿದರೇ ನಂಬಿಕೆ ಎಂದ.

ನಾನು ಹತ್ತು ಬಿಲ್ಲೆ ಕೇಳಿದೆ. ಅವನು ನನ್ನನ್ನು ಕರುಣೆಯಿಂದ ನೋಡಿದ. ‘ಮಾಸ್ತರ, ನಿಮಗ ಹತ್ತು ಕೊಟ್ರ ನನ್ನ ಹತ್ತು ಕುರಿ ಎಲ್ಲಿ ನಿಂದ್ರಬೇಕ್ರಿ?’

ನಾನು ಎದ್ದೆ. ಆಗ ಅವನು ತಡೆದು, ಸ್ವಲ್ಪ ಯೋಚಿಸಿ, ಬಲಗಡೆಯ ಚೀಲದ ಗಂಟು ಬಿಚ್ಚಿದ. ಹೋದ ವಾರ ಅಮೀನಗಡದ ಸಂತೆಯಲ್ಲಿ ಎಂಟು ಕುರಿ ಮಾರಿದ್ದನಂತೆ. ‘ಆ ಎಂಟು ಖಾಲಿ ಕುಂತಾವ. ಒಯ್ರಿ. ಮರಿ ಹಾಕಿದ ಮ್ಯಾಲ ತಂದು ಕೊಡಬೇಕು ಮತ್ತ.’

ಒಪ್ಪಿಕೊಂಡೆ. ನನಗೆ ಗೊತ್ತಿರುವಂತೆ ಕುರಿ ಹುಟ್ಟುವವರೆಗೆ ನಾಣ್ಯವನ್ನು ಕಡ ತಂದ ಮೊದಲ ಇತಿಹಾಸ ಶಿಕ್ಷಕ ನಾನೇ. ಬಸ್ಸಿಗೆ ಕಾಯುತ್ತ ನಿಂತಾಗ ನಗು ಬಂತು. ಮೂರು ದಿನದಲ್ಲಿ ಒಬ್ಬರೂ ನನಗೆ ‘ಸತ್ತ ನಾಣ್ಯ, ತಗೊಂಡು ಹೋಗಿ’ ಎನ್ನಲಿಲ್ಲ. ಒಂದು ಫ್ರಿಜ್ಜು ಹೊತ್ತಿತ್ತು, ಒಂದು ಪಡದೆ ಹಿಡಿದಿತ್ತು, ಒಂದು ಕುರಿಯ ಪರವಾಗಿ ನಿಂತಿತ್ತು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಇಷ್ಟು ಬೇಗ ಎರಡನೆಯ ನೌಕರಿ ಹಿಡಿದವರನ್ನು ನಾನು ನಮ್ಮ ಇಲಾಖೆಯಲ್ಲಿ ನೋಡಿಲ್ಲ. ನಾಣ್ಯದ ನಿಜವಾದ ಆಯುಷ್ಯ ಅದನ್ನು ಖರ್ಚು ಮಾಡಲು ಬಾರದಾದ ದಿನ ಶುರುವಾಗುತ್ತದೋ ಏನೋ. ಅಲ್ಲಿಯವರೆಗೆ ಅದು ಬರೀ ಓಡಾಡುತ್ತಿರುತ್ತದೆ.

ಹನ್ನೆರಡು, ಇಪ್ಪತ್ತೈದು, ಎಂಟು. ನಲವತ್ತೈದು. ಇನ್ನೂ ಹದಿನೈದು ಬೇಕಿತ್ತು, ಸೋಮವಾರ ಬೆಳಗಾಗಿತ್ತು.

ರಜೆಯ ಅರ್ಜಿಯಲ್ಲಿ ‘ಕೌಟುಂಬಿಕ ತುರ್ತು ಕಾರಣ’ ಎಂದು ಬರೆದು ಇಳಕಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜನರ ಕೊರಳು, ಕೈಚೀಲ, ಗೂಡಂಗಡಿಯ ಮೂಲೆ, ಎಲ್ಲದರಲ್ಲೂ ನಾಲ್ಕಾಣೆ ಹುಡುಕುವ ಕಣ್ಣು ಬಂದಿತ್ತು. ಅಮೀನಗಡದಲ್ಲಿ ಬಸ್ಸು ನಿಂತಿತು. ಬರಿಗೈಯಲ್ಲಿ ಹೋಗುವುದಕ್ಕಿಂತ ಅತ್ತೆಗೆ ಒಂದಿಷ್ಟು ಕರದಂಟನ್ನಾದರೂ ಒಯ್ಯೋಣ ಎಂದು ಅಂಗಡಿಗೆ ನುಗ್ಗಿದೆ. ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಕರದಂಟು ಸುತ್ತುವ ತೆಳುಕಾಗದದ ಕಟ್ಟಿನ ಮೇಲೆ ಒಂದು ತಟ್ಟೆ, ತಟ್ಟೆಯ ತುಂಬ ಹಳೆಯ ಬಿಲ್ಲೆಗಳು, ಕಾಗದ ಹಾರದಿರಲೆಂದು.

ಆ ತಟ್ಟೆಯ ಮೇಲೆ ನಾನು ಬಗ್ಗಿದಷ್ಟು ಲಕ್ಷದ ವಿಡಿಯೋದ ಮೇಲೂ ಬಗ್ಗಿರಲಿಲ್ಲ.

ಅಂಗಡಿಯ ಯಜಮಾನರು ವಯಸ್ಸಾದವರು, ವ್ಯಾಪಾರಸ್ಥರು. ನನ್ನ ಆತುರ ಕಂಡ ಕ್ಷಣದಲ್ಲೇ ಆ ಬಿಲ್ಲೆಗಳು ಅವರಿಗೂ ಬೇಕಾದವು. ತಂದೆಯವರ ಕಾಲದಿಂದ ಇವೆ, ಇವಿಲ್ಲದೆ ಕಾಗದ ನಿಲ್ಲುವುದಿಲ್ಲ ಎಂದರು. ಕಾಲು ಕಿಲೋ ಎಂದವನು ಅರ್ಧ ಕಿಲೋ ಎಂದೆ. ಅವರು ತಟ್ಟೆಯನ್ನು ಇನ್ನಷ್ಟು ತಮ್ಮ ಕಡೆಗೆ ಎಳೆದುಕೊಂಡರು. ಒಂದು ಕಿಲೋ ಎಂದೆ. ‘ಎಷ್ಟು ಬೇಕ್ರಿ ನಾಲ್ಕಾಣೆ?’ ಎಂದು ತಟ್ಟೆ ಎತ್ತಿದರು. ಹೊರಗೆ ಬಸ್ಸಿನ ಹಾರ್ನು. ಅವರು ಎರಡೆರಡಾಗಿ ಎಣಿಸಿ ಹದಿನೈದನ್ನು ನನ್ನ ಚೀಲಕ್ಕೆ ಸುರಿದರು, ನಾನು ಕರದಂಟಿನ ಪೊಟ್ಟಣವನ್ನು ಬಗಲಲ್ಲಿ ಹಿಡಿದು ಓಡಿದೆ. ಓಡುವುದು ಎಂಬ ಕ್ರಿಯೆಯನ್ನು ನನ್ನ ಮೊಣಕಾಲು ಬಹಳ ವರ್ಷಗಳ ನಂತರ ಕೇಳಿಸಿಕೊಂಡಿತು.

ಹುನಗುಂದ ಬರುವಷ್ಟರಲ್ಲಿ ಕಂಡಕ್ಟರಿಗೆ ಸದ್ದು ಕೇಳಿತು. ಹತ್ತಿರ ಬಂದು ಬಗ್ಗಿ, ಮೆಲ್ಲಗೆ, ಏನ್ರಿ ಮಾಸ್ತರ, ಯಾವ ಗುಡಿ ಎಂದು ಕೇಳಿದರು. ಚೀಲ ಬಿಚ್ಚಿ ತೋರಿಸಿದೆ. ಅವರು ಒಂದು ಖಡ್ಗಮೃಗ ಎತ್ತಿಕೊಂಡು, ಸಾಲೆಗೆ ಹೋಗುವಾಗ ಇದರಲ್ಲಿ ಪೇರಲಹಣ್ಣು ಬರುತ್ತಿತ್ತು ಎಂದು ಹೇಳಿ, ನೋಡಿ, ಮರಳಿ ಹಾಕಿದರು. ಹಾಕಿದ್ದನ್ನು ನಾನು ಖಚಿತಪಡಿಸಿಕೊಂಡೆ.

ಅತ್ತೆಯ ಮನೆ ತಲುಪಿದಾಗ ಮೂರು ಗಂಟೆ. ಸಾವಕಾರರು ಬಂದಿರಲಿಲ್ಲ. ಮಗ್ಗ ಗಟ್ಟಿಯಾಗಿಯೇ ಇತ್ತು. ಅತ್ತೆ ಕುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕುಳಿತಿದ್ದಳು, ಲಾಳಿ ಪಕ್ಕದಲ್ಲಿತ್ತು. ಕೆಲಸವಿಲ್ಲದ ಅವಳ ಕೈಗಳನ್ನು ನಾನು ಅಂದೇ ಮೊದಲು ನೋಡಿದ್ದು. ಅವು ಇದ್ದಕ್ಕಿದ್ದಂತೆ ಎಪ್ಪತ್ತು ವರ್ಷದವಾಗಿದ್ದವು.

ಚೀಲ ಕೊಟ್ಟೆ. ಅವಳು ಬಿಲ್ಲೆಗಳನ್ನು ಸೆರಗಿನಲ್ಲಿ ಸುರಿದುಕೊಂಡಳು. ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ಉಜ್ಜಿ ಎಡಕ್ಕೊಂದು ಬಲಕ್ಕೊಂದು ಹಾಕುತ್ತ ಹೋದಳು. ಒಂದು ಕಡೆ ಬೆರಳು ತಡೆಯಿತು. ಆ ಬಿಲ್ಲೆಯನ್ನು ಮಾತಿಲ್ಲದೆ ಬದಿಗಿಟ್ಟಳು. ಕೊನೆಗೆ ಇನ್ನೊಂದು ಕಡೆಯಿಂದಲೂ ಒಂದನ್ನು ತೆಗೆದು ಸಮ ಮಾಡಿದಳು. ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತು. ಚೀಲ ಕಟ್ಟಿದಳು, ರೇಷ್ಮೆಯ ಎಳೆಗಳನ್ನು ಬೆರಳಿಂದ ಮೀಟಿ ಕಿವಿಗೊಟ್ಟಳು, ಲಾಳಿ ಎಸೆದಳು.

ನಾಲ್ಕು ಬೆರಳಷ್ಟು ಬಟ್ಟೆ ಬಂತು. ದಡಿ ನೀರಿನ ಹಾಗೆ ಮಲಗಿತ್ತು. ಅತ್ತೆ ಅದರ ಮೇಲೆ ಅಂಗೈ ಆಡಿಸಿ, ಇನ್ನೊಮ್ಮೆ ಆಡಿಸಿ, ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ನಿಲ್ಲಲಿಲ್ಲ. ಮಗ್ಗದ ಸದ್ದಿಗೆ ನಾನು ಗಂಟೆಗಟ್ಟಲೆ ಕುಳಿತು, ಅವಳಿಗೆಂದು ತಂದ ಒಂದು ಕಿಲೋ ಕರದಂಟಿನಲ್ಲಿ ಕಾಲು ಕಿಲೋ ತಿಂದುಬಿಟ್ಟೆ.

ಐದೂವರೆಗೆ ಸಾವಕಾರರು ಬಂದರು. ಚಪ್ಪಲಿ ಬಿಟ್ಟು, ನಡ ಬಗ್ಗಿಸಿ, ಗೇಣು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡೂ ದಡಿಯನ್ನು ಉಗುರಿನಿಂದ ಎಳೆದರು. ಹೊಗಳಲಿಲ್ಲ. ಅದು ಅವರ ಪದ್ಧತಿಯಲ್ಲ. ‘ನೀಲವ್ವಾ, ಮುಂದಿನ ನೂಲಿನ ಹಾಸು ಶುಕ್ರವಾರ ಕಳಸ್ತೇನಿ. ಗೋಮಿ ಚಿತ್ತಾರದ ದಡಿ ಮಾಡು,’ ಎಂದು ಹೇಳಿ, ಕೊಟ್ಟ ನೀರು ಕುಡಿದು ಹೋದರು.

ನಾನು ಕುಣಿಯಬೇಕೆಂದಿದ್ದೆ. ಮೊಣಕಾಲು ಅಮೀನಗಡದಲ್ಲೇ ತನ್ನ ಪಾಲು ಮುಗಿಸಿತ್ತು.

ಅತ್ತೆ ಕುಣಿಯಿಂದ ಮೇಲೆದ್ದು, ಬದಿಗಿಟ್ಟಿದ್ದ ಆ ಒಂದು ಬಿಲ್ಲೆಯನ್ನು ನನ್ನ ಅಂಗೈಯಲ್ಲಿ ಇಟ್ಟಳು. ಐವತ್ತು ಪೈಸೆ. ಅಮೀನಗಡದ ತಟ್ಟೆಯಿಂದ ಆತುರದಲ್ಲಿ ಬಂದದ್ದು.

‘ನನ್ನ ಚೀಲದಾಗ ಎಂಟಾಣೆ ಎಂದೂ ಇದ್ದಿಲ್ಲ ಬಸಣ್ಣ,’ ಎಂದಳು. ‘ಎಷ್ಟು ಊರು ತಿರಿಗಿದಿ?’

ಹೇಳಿದೆ. ಗುಜರಿ, ಅರ್ಧ ಕಪ್ ಚಹಾ, ಫ್ರಿಜ್ಜು, ಪಡದೆ, ಹುಟ್ಟಲಿರುವ ಕುರಿಮರಿಗಳು, ಎಲ್ಲವನ್ನೂ. ಅವಳು ಸೆರಗು ಬಾಯಿಗಿಟ್ಟು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಚಹಾ ಇಟ್ಟು ಪೂರ್ತಿ ಕಪ್ ತುಂಬಿಸಿ ಕೊಟ್ಟಳು. ಎಂಟಾಣೆಯನ್ನು ನೀನೇ ಇಟ್ಟುಕೋ ಎಂದೆ. ಬೇಡವೆಂದಳು. ‘ಅದು ಇನ್ನೂ ಚಾಲ್ತಿ ಐತೆಲ್ಲ. ಅದರಿಂದ ನಮಗೇನು ಉಪಯೋಗ?’

ಸರ್ಕಾರದ ಪ್ರಕಾರ ಅದು ಇಂದಿಗೂ ಅಧಿಕೃತ ನಾಣ್ಯ. ಯಾವ ಅಂಗಡಿಯಲ್ಲೂ ತೆಗೆದುಕೊಳ್ಳುವುದಿಲ್ಲ, ಯಾವ ಮಗ್ಗಕ್ಕೂ ಕೂಡುವುದಿಲ್ಲ. ಕಾಗದಪತ್ರಗಳಲ್ಲಿ ಮಾತ್ರ ಸೇವೆಯಲ್ಲಿದೆ. ನನಗೂ ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿರುವುದರಿಂದ ಅದರ ಬಗ್ಗೆ ಹೆಚ್ಚು ಹೇಳಲಾರೆ. ಆದರೆ ಬಸ್ಸಿನಲ್ಲಿ ಕುಳಿತು ನಾನು ಮಾಡಿದ ಅಷ್ಟುದ್ದದ ಚಿಂತೆಯ ಪಟ್ಟಿಯಲ್ಲಿ ಇದೊಂದು ಇರಲಿಲ್ಲ: ಅರವತ್ತು ಸತ್ತ ನಾಣ್ಯಗಳ ನಡುವೆ ಒಂದು ಬದುಕಿದ್ದು ಬಂದುಬಿಡಬಹುದು ಎಂಬುದು.